ನಾಲ್ಕು ತಾಲ್ಲೂಕಿಗೆ ಒಬ್ಬನೇ ಜಯರಾಮು

ಪುರವರದ ಜಯರಾಮು ಎರಡು ತಿಂಗಳ ಕೆಲಸಕ್ಕೆಂದು ಮಧುಗಿರಿಯ ಆಫೀಸಿಗೆ ಬಂದು ಹದಿನೈದು ವರ್ಷವಾಗಿತ್ತು. ಆ ಎರಡು ತಿಂಗಳು ಯಾವತ್ತು ಮುಗಿಯಿತೆಂದು ಅವನಿಗೆ ಯಾರೂ ಹೇಳಲಿಲ್ಲ, ಅವನೂ ಕೇಳಲಿಲ್ಲ. ಕೇಳಿದರೆ ಎಲ್ಲಿ ಇವತ್ತೇ ಮುಗಿಯಿತು ಅಂದುಬಿಡುತ್ತಾರೋ ಎಂಬ ಭಯ ಅವನಿಗೆ.

ಆಫೀಸು ಎಂದರೆ ನಾಲ್ಕು ತಾಲ್ಲೂಕು ಕುರಿಗಾರರ ಸಹಕಾರ ಸಂಘ. ಬೆಟ್ಟಕ್ಕೆ ಹೋಗುವ ದಾರಿಯಲ್ಲಿ ಹೆಂಚಿನ ಕಟ್ಟಡ. ಕೋಟೆ ಹತ್ತಲು ಬಂದವರು ತಪ್ಪಿ ಇಲ್ಲಿಗೆ ನುಗ್ಗಿ ಟಿಕೆಟ್ ಕೇಳುವುದುಂಟು. ಶಿರಾ, ಕೊರಟಗೆರೆ, ಪಾವಗಡಗಳಲ್ಲಿ ಒಂದೊಂದು ಶಾಖೆ. ಕುರಿಗಳ ಕಿವಿಗೆ ನಂಬರಿನ ಓಲೆ ಹಾಕುವುದು, ಲಸಿಕೆ ಕೊಟ್ಟ ತಾರೀಕು ಬರೆದಿಡುವುದು, ಮಂದೆ ಹೊಡೆದುಕೊಂಡು ಬೇರೆ ಜಿಲ್ಲೆಗೆ ಹೊರಟವರಿಗೆ ಅದರ ಚೀಟಿ ಕೊಡುವುದು, ಇಷ್ಟು ಕೆಲಸ. ಎರಡು ಸಾವಿರದ ಒಂಬತ್ತರಲ್ಲಿ ಇದನ್ನೆಲ್ಲ ಕಂಪ್ಯೂಟರಿಗೆ ಹಾಕಬೇಕೆಂದು ತುಮಕೂರಿನ ಒಕ್ಕೂಟದವರು ಒಂದು ಸರ್ವರನ್ನೂ ಹನ್ನೆರಡು ಕಂಪ್ಯೂಟರುಗಳನ್ನೂ ಲಾರಿಯಲ್ಲಿ ತಂದು ಇಳಿಸಿ ಹೋದರು. ಕೇಬಲ್ ಎಳೆದು ಎಲ್ಲವನ್ನೂ ಜೋಡಿಸುವುದಕ್ಕೆ ಒಬ್ಬ ಬೇಕಿತ್ತು. ಪಿಯುಸಿ ಮುಗಿಸಿ, ಬಸ್‌ಸ್ಟ್ಯಾಂಡ್ ಹತ್ತಿರ ಆರು ತಿಂಗಳ ಕಂಪ್ಯೂಟರ್ ಕೋರ್ಸ್ ಮಾಡಿಕೊಂಡು ಖಾಲಿ ಕೂತಿದ್ದ ಜಯರಾಮು ಸಿಕ್ಕಿದ.

ಜೋಡಿಸಿದ ಮೇಲೆ ಪರೀಕ್ಷೆ ಮಾಡಬೇಕಲ್ಲ, ಅದಕ್ಕೆ ತನ್ನದೇ ಹೆಸರಿನಲ್ಲಿ ಒಂದು ಲಾಗಿನ್ ಮಾಡಿದ. ಹೆಸರು ಜಯರಾಮು, ಪಾಸ್‌ವರ್ಡು ಊರಿನ ಹೆಸರು ಮತ್ತು ಒಂದು ಎರಡು ಮೂರು. ಎಲ್ಲರಿಗೂ ಅವರವರ ಹೆಸರಿನ ಲಾಗಿನ್ ಆಮೇಲೆ ಮಾಡಿಕೊಟ್ಟರಾಯಿತು ಅಂದುಕೊಂಡ. ಆ ಆಮೇಲೆ ಮಾತ್ರ ಬರಲೇ ಇಲ್ಲ.

ಹೆಡ್ ಕ್ಲರ್ಕ್ ದಾಕ್ಷಾಯಣಮ್ಮ ಮೊದಲು ಕಲಿತವರು. ಕಂಪ್ಯೂಟರ್ ಹಚ್ಚಿದ ಕೂಡಲೇ ಜಯರಾಮು ಎಂದು ಹೊಡೆಯಬೇಕು, ಕಾಗದದ ತಲೆಯ ಮೇಲೆ ಶ್ರೀ ಬರೆದ ಹಾಗೆ, ಎಂದು ಅವರು ತಿಳಿದುಕೊಂಡರು. ಅವರು ಶಿರಾದವರಿಗೆ ಕಲಿಸಿದರು, ಶಿರಾದವರು ಕೊರಟಗೆರೆಯವರಿಗೆ, ಕೊರಟಗೆರೆಯವರು ಪಾವಗಡದವರಿಗೆ. ಪಾವಗಡಕ್ಕೆ ಹೊಸದಾಗಿ ಬಂದ ಒಬ್ಬಾಕೆ ಈ ಜಯರಾಮು ಯಾರು ಎಂದು ಕೇಳಿದಾಗ ಅಲ್ಲಿನ ಗುಮಾಸ್ತ ಓಬಳಯ್ಯ, "ಅದು ಕಂಪ್ಯೂಟರ್ ಪೇರು ಕಣಮ್ಮ, ಸುಮ್ನೆ ಒತ್ತು" ಎಂದು ಹೇಳಿಕೊಟ್ಟನಂತೆ. ಆಂಧ್ರದ ಗಡಿಯ ಪಾವಗಡದಲ್ಲಿ ಹೆಸರಿಗೆ ತೆಲುಗಿನ ಪೇರು ಎನ್ನುವುದೇ ರೂಢಿ.

ಹೀಗಾಗಿ ನಾಲ್ಕು ತಾಲ್ಲೂಕಿನಲ್ಲಿ ಯಾರು ಯಾವ ಚೀಟಿ ಕೊಟ್ಟರೂ ಅದರ ಅಡಿಯಲ್ಲಿ "ಮುದ್ರಿಸಿದವರು: ಜಯರಾಮು" ಎಂದು ಬರುತ್ತಿತ್ತು. ಕುರಿಗಾರರಿಗೆ ಅದೊಂದು ದೊಡ್ಡ ಹೆಸರಾಯಿತು. ಒಮ್ಮೆ ತಾವರೆಕೆರೆ ಕಡೆಯ ಜುಂಜಮ್ಮ ಎಂಬ ಮುದುಕಿ ಕಂಬಳಿ ಹೊದ್ದುಕೊಂಡು ಬಂದು, ನೆಟ್ಟಗೆ ಕಾರ್ಯದರ್ಶಿಯ ಕೋಣೆಗೆ ನುಗ್ಗಿ, "ನೀನೇ ಏನಪ್ಪ ಜಯರಾಮು ಸಾಯೇಬ?" ಎಂದಳು. ಕಾರ್ಯದರ್ಶಿ ಮರುಳಸಿದ್ದಯ್ಯನವರು ಮೇಜಿನಡಿ ತಲೆ ತೂರಿಸಿ ಕೇಬಲ್ ಹುಡುಕುತ್ತಿದ್ದವನನ್ನು ತೋರಿಸಿದರು. ಜುಂಜಮ್ಮ ಬಗ್ಗಿ ನೋಡಿದಳು. "ಅಯ್ ಹೋಗತ್ಲಾಗೆ, ಇದ್ಯಾವನೋ ಕರೆಂಟ್ ರಿಪೇರಿಯೋನು. ಸಾಯೇಬ್ರು ಬಂದ್ಮೇಲೆ ಯೋಳಿ, ಕಾಯ್ತೀನಿ" ಎಂದು ಜಗುಲಿಯ ಮೇಲೆ ಕೂತುಬಿಟ್ಟಳು. ಮಧ್ಯಾಹ್ನದವರೆಗೂ ಕೂತಿದ್ದಳು. ಕೊನೆಗೆ ಜಯರಾಮು ಕೈ ತೊಳೆದು, ತಲೆ ಬಾಚಿ, ದಾಕ್ಷಾಯಣಮ್ಮನ ಕುರ್ಚಿಯಲ್ಲಿ ಗಂಭೀರವಾಗಿ ಕೂತು ಅವಳ ಕೆಲಸ ಮಾಡಿಕೊಟ್ಟ.

ಹೆಸರು ಅವನದಾದ ಮೇಲೆ ಬೈಗುಳವೂ ಅವನದೇ. ಕೊರಟಗೆರೆಯಲ್ಲಿ ಯಾರೋ ಒಂದು ಟಗರನ್ನು ಗಬ್ಬದ ಕುರಿ ಎಂದು ಬರೆದರು. ಟಗರಿನ ಯಜಮಾನ ಜಯರಾಮುವಿಗೆ ಫೋನು ಮಾಡಿ, ಮರಿ ಯಾವತ್ತು ಹಾಕುತ್ತದೆ ಅದನ್ನೂ ನೀನೇ ಹೇಳಿಬಿಡು ಎಂದು ಜಾಡಿಸಿದ. ಶಾಖೆಗಳಲ್ಲಿ ಯಾರಾದರೂ ತಪ್ಪು ಹಿಡಿದುಕೊಂಡು ಜಗಳಕ್ಕೆ ಬಂದರೆ ಅಲ್ಲಿನವರು ಚೀಟಿಯ ಅಡಿಯನ್ನು ತೋರಿಸಿ, "ನೋಡಿ, ಇದು ಮಧುಗಿರಿ ಜಯರಾಮು ಮಾಡಿರೋದು" ಎಂದು ಅವನ ನಂಬರನ್ನೂ ಕೊಟ್ಟು ಕಳಿಸುತ್ತಿದ್ದರು. ಅಷ್ಟು ಅಚ್ಚುಕಟ್ಟು.

ಇಷ್ಟು ಹೆಸರು ಮಾಡಿದವನ ಹೆಸರು ಇಲ್ಲದ ಜಾಗ ಒಂದೇ ಒಂದು. ಸಂಘದ ನೌಕರರ ಪಟ್ಟಿ. ಅದರಲ್ಲಿ ಇಪ್ಪತ್ತಮೂರು ಜನರಿದ್ದರು, ಜಯರಾಮು ಇರಲಿಲ್ಲ. ಅವನ ಸಂಬಳ ಚಿಲ್ಲರೆ ಖರ್ಚಿನ ಲೆಕ್ಕದಲ್ಲಿ, ಸೈನಿಲ್ಲದೆ ಕೈಗೆ ಬರುತ್ತಿತ್ತು. ಅವನು ಎರಡು ತಿಂಗಳಿಗೆ ಬಂದವನಲ್ಲವೇ.

ಹೋದ ಜೂನಿನಲ್ಲಿ ಒಕ್ಕೂಟದಿಂದ ಸುತ್ತೋಲೆ ಬಂತು. ನಿಮ್ಮ ಸರ್ವರು ಎರಡು ಸಾವಿರದ ಎಂಟರ ಕಾಲದ್ದು, ಅದರೊಳಗಿನ ಸಿಸ್ಟಮ್ಮಿಗೆ ಈಗ ಯಾರ ರಕ್ಷಣೆಯೂ ಇಲ್ಲ, ವೈರಸ್ ಹೊಕ್ಕರೆ ಕೇಳುವವರಿಲ್ಲ, ಆಗಸ್ಟಿನೊಳಗೆ ಎಲ್ಲವನ್ನೂ ಎರಡು ಸಾವಿರದ ಇಪ್ಪತ್ತೆರಡರ ಹೊಸ ಸರ್ವರಿಗೆ ಸಾಗಿಸತಕ್ಕದ್ದು. ಜಯರಾಮುವಿಗೆ ಖುಷಿಯಾಯಿತು. ನಾಲ್ಕು ವರ್ಷದಿಂದ ಅವನೂ ಅದನ್ನೇ ಹೇಳುತ್ತಿದ್ದ. ಕಮಿಟಿ ಸೇರಿ ತೀರ್ಮಾನ ಮಾಡಿತು. ತೀರ್ಮಾನವನ್ನು ಟೈಪು ಮಾಡುವ ಕೆಲಸ ಎಂದಿನಂತೆ ಅವನ ಪಾಲಿಗೆ ಬಂತು. ಹೊಸ ಸರ್ವರ್ ಚಾಲನೆಗೆ ಬಂದ ದಿನದಿಂದ ಅದರ ನಿರ್ವಹಣೆಯನ್ನು ತುಮಕೂರಿನ ಕಂಪನಿಯವರು ಅಲ್ಲಿಂದಲೇ ನೋಡಿಕೊಳ್ಳತಕ್ಕದ್ದು, ಸದರಿ ದಿನದಿಂದ ಈಗಿರುವ ತಾತ್ಕಾಲಿಕ ವ್ಯವಸ್ಥೆಯನ್ನು ಕೈಬಿಡತಕ್ಕದ್ದು. ಟೈಪು ಮಾಡಿ ಇನ್ನೊಮ್ಮೆ ಓದಿದಾಗ ಅವನಿಗೆ ಹೊಳೆಯಿತು, ತಾತ್ಕಾಲಿಕ ವ್ಯವಸ್ಥೆ ಎಂದರೆ ತಾನೇ.

"ಬೇಜಾರ್ ಮಾಡ್ಕಬ್ಯಾಡ ಕಣಯ್ಯಾ" ಎಂದರು ಮರುಳಸಿದ್ದಯ್ಯ. "ಮೀಟಿಂಗ್ನಾಗೆ ಎಲ್ರೂ ಅಂಗಂದ್ರು, ನಾನೂ ಹೂಂ ಅಂದ್ಬುಟ್ಟೆ. ಹೊಸಾದು ಕೂತು ಸರ್ಯಾಗಿ ನಡೆಯೋಗಂಟ ಇರು."

ಬೇಜಾರು ಮಾಡಿಕೊಳ್ಳಬೇಡ ಎಂದರೆ ಆಗದಿರುತ್ತದೆಯೇ? ಅವತ್ತು ಪುರವರಕ್ಕೆ ಹೋಗುವ ಬಸ್ಸಿನಲ್ಲಿ ಜಯರಾಮುವಿಗೆ ಯಾರೊಡನೆಯೂ ಮಾತು ಬೇಡವಾಗಿತ್ತು. ನಲವತ್ತು ಹತ್ತಿರವಾದ ಮೇಲೆ ಇನ್ನೊಂದು ಕಡೆ ಎರಡು ತಿಂಗಳಿಗೆ ಬನ್ನಿ ಎನ್ನುವವರು ಯಾರಿದ್ದಾರೆ ಎಂದು ಲೆಕ್ಕ ಹಾಕುತ್ತಾ ಕೂತಿದ್ದ.

ಹೆಂಡತಿ ರಾಧಾಮಣಿ ಬಾಗಿಲ ಬೆಳಕಿನಲ್ಲಿ ಹೊಲಿಗೆ ಮಿಷನ್ ಹಾಕಿಕೊಂಡು ರವಿಕೆ ಹೊಲಿಯುತ್ತಿದ್ದಳು. ವಿಷಯ ಕೇಳಿ ಪೆಡಲ್ ನಿಲ್ಲಿಸಿದಳು. "ಅಲ್ಲಾ ಕಣ್ರೀ, ಹೊಸಾದು ಸರ್ಯಾಗಿ ನಡೆಯೋಗಂಟ ತಾನೇ ಅಂದಿದ್ದು? ಅದು ಸರ್ಯಾಗಿ ನಡೀದಂಗೆ ನೋಡ್ಕಳಿ. ವಾರಕ್ಕೊಂದ್ ಸಲ ಒಂದ್ ವೈರ್ ಕಿತ್ತಾಕಿ, ನಿಮ್ಮುನ್ನೇ ಹುಡುಕ್ಕಂಡ್ ಬತ್ತಾರೆ."

"ನಾನೇ ಎಳ್ದಿರೋ ವೈರ್ನ ನಾನೇ ಕೀಳ್ಲಾ?" ಎಂದ ಜಯರಾಮು. ಅವನಿಗೆ ನಿಜವಾಗಿ ಸಿಟ್ಟು ಬಂದಿತ್ತು. ಕೆಲಸ ಹೋದರೆ ಹೋಯಿತು, ಕೆಲಸ ಕೆಡಿಸಿದವನು ಎನ್ನಿಸಿಕೊಳ್ಳುವುದು ಅವನಿಂದಾಗದ ಮಾತು. ರಾಧಾಮಣಿ, "ಇಂಥೋರ್ಗೇ ಇಂಗಾಗೋದು" ಎಂದು ಮತ್ತೆ ಪೆಡಲ್ ತುಳಿದಳು.

ಆಗಸ್ಟ್ ಮೊದಲ ವಾರ ಕಂಪನಿಯಿಂದ ಚೇತನ್ ಕುಮಾರ್ ಎಂಬ ಇಂಜಿನಿಯರ್ ಬಂದ. ಅಚ್ಚುಕಟ್ಟಾದ ಮನುಷ್ಯ, ಚಪ್ಪಲಿಯನ್ನು ಹೊರಗೆ ಬಿಟ್ಟು ಸರ್ವರ್ ಕೋಣೆಗೆ ಹೋಗುವವನು. ಹಳೆಯದರಲ್ಲಿ ಯಾರು ಯಾರು ಇದ್ದಾರೆಂದು ನೋಡಲು ಕೂತವನು ಅರ್ಧ ಗಂಟೆಗೆಲ್ಲ ಎದ್ದು ಬಂದ.

"ಅಣ್ಣ, ಈ ಜಯರಾಮು ಅಂದ್ರೆ ಯಾರು?"

"ನಾನೇ."

"ನಿನ್ನೆ ಬೆಳಗ್ಗೆ ಹತ್ತು ಎರಡಕ್ಕೆ ನೀವು ಪಾವಗಡದಲ್ಲಿದ್ರಿ. ಹತ್ತು ಮೂರಕ್ಕೆ ಕೊರಟಗೆರೆ. ಹತ್ತು ಐದಕ್ಕೆ ಶಿರಾ. ಯಾವ ಗಾಡಿ ಅಣ್ಣ ನಿಮ್ದು?"

ಜಯರಾಮು ಬೆವರಿದ. ಚೇತನ್ ಕುಮಾರ್ ನಗುತ್ತಲೇ ಹೇಳಿದ, ಸರ್ವರನ್ನು ಕೇಳಿದರೆ ಈ ಸಂಘದಲ್ಲಿ ಇರುವುದು ಒಬ್ಬನೇ ನೌಕರ, ಹದಿನೈದು ವರ್ಷದಿಂದ ನಾಲ್ಕು ಊರಲ್ಲಿ ಏಕಕಾಲಕ್ಕೆ ದುಡಿದಿದ್ದಾನೆ. ಹೊಸದರಲ್ಲಿ ಈ ಆಟ ನಡೆಯುವುದಿಲ್ಲ, ಪ್ರತಿಯೊಬ್ಬರಿಗೂ ಸ್ವಂತ ಹೆಸರು, ಸ್ವಂತ ಪಾಸ್‌ವರ್ಡು, ಅದರ ಪಕ್ಕ ನೌಕರರ ಪಟ್ಟಿಯ ನಂಬರು ಇರಲೇಬೇಕು. ಪಟ್ಟಿ ನೋಡಿ ಇಪ್ಪತ್ತಮೂರು ಹೆಸರು ಮಾಡಿದರು. ಇಪ್ಪತ್ತನಾಲ್ಕನೆಯದಕ್ಕೆ ನಂಬರಿರಲಿಲ್ಲ. ಚೇತನ್ ಕುಮಾರ್ ಪರದೆ ಮುಚ್ಚಿದ.

ಇನ್ನು ಆ ಇಪ್ಪತ್ತಮೂರು ಜನರಿಗೆ ಪಾಸ್‌ವರ್ಡು ಕೊಡಿಸಬೇಕು. ಜಯರಾಮು ಬಸ್ಸು ಹತ್ತಿದ. ಮೂರು ದಿನ ಮೂರು ತಾಲ್ಲೂಕು ಸುತ್ತಿದ. ಜನ ಖುಷಿಪಡುತ್ತಾರೆ ಎಂದುಕೊಂಡಿದ್ದರೆ ಆದದ್ದೇ ಬೇರೆ, ಸ್ವಂತ ಹೆಸರು ಯಾರಿಗೂ ಬೇಕಿರಲಿಲ್ಲ. ಶಿರಾದವರು, "ನಿನ್ನ ಹೆಸ್ರೇ ಚೆನ್ನಾಗೈತಲ್ಲ ಭಾಯ್, ಸುಮ್ನೆ ಯಾಕೆ ತಕ್ಲೀಫು" ಎಂದು ಚಹಾ ತರಿಸಿದರು. ಕೊರಟಗೆರೆಯವರು ಸೋಮವಾರ ಒಳ್ಳೆ ದಿನ, ಅವತ್ತು ನೋಡೋಣ ಎಂದರು. ಪಾವಗಡದ ಓಬಳಯ್ಯನಂತೂ ತನಗೆ ಬೇಡವೇ ಬೇಡ ಎಂದು ಕೈಮುಗಿದುಬಿಟ್ಟ. "ನಾಕು ವದ್ದು ಜಯರಾಮಣ್ಣ. ನನ್ನ ಹೆಸ್ರು ಚೀಟಿ ಮೇಲೆ ಬಂದ್ರೆ ಜನ ನನ್ನುನ್ನೇ ತಿಡತಾರು!" ತಿಡತಾರು ಎಂದರೆ ಬೈಯುತ್ತಾರೆ, ಬೈಯುವುದಕ್ಕೆ ಪಾವಗಡದವರು ತೆಲುಗನ್ನೇ ಬಳಸುವುದು.

ಕಾಡಿ ಬೇಡಿ ಎಲ್ಲರಿಗೂ ಪಾಸ್‌ವರ್ಡು ಮಾಡಿಸಿ ಮಧುಗಿರಿಗೆ ಮರಳಿದರೆ ದಾಕ್ಷಾಯಣಮ್ಮ ಕಣ್ಣೊರೆಸಿಕೊಳ್ಳುತ್ತಾ ಕೂತಿದ್ದರು. "ಇನ್ನೆರಡ್ ವರ್ಷಕ್ಕೆ ರಿಟೈರ್ ಆಗೋಳು ಕಣಪ್ಪ. ಇಷ್ಟ್ ದಿನ ನಿನ್ ಹೆಸ್ರಲ್ಲಿ ನೆಮ್ಮದಿಯಾಗಿದ್ದೆ. ಈಗ ತಪ್ಪಾದ್ರೆ ನನ್ ತಲೆ ಮೇಲೆ ಬತ್ತದಲ್ಲ?"

ಆಗ ಜಯರಾಮುವಿಗೆ ಅರ್ಥವಾಯಿತು. ಹದಿನೈದು ವರ್ಷ ಜನ ಅವನ ಹೆಸರನ್ನು ಬಳಸಿದ್ದು ಬರೀ ಗೊತ್ತಿಲ್ಲದೆ ಅಲ್ಲ. ನಗಬೇಕೋ ಅಳಬೇಕೋ ತಿಳಿಯದೆ ಅವರಿಗೆ ಪಾಸ್‌ವರ್ಡು ಮಾಡಿಕೊಟ್ಟ. ಮೊಮ್ಮಗಳ ಹೆಸರನ್ನು ಇಟ್ಟುಕೊಂಡರು. ಅದನ್ನು ಮರೆಯಬಾರದೆಂದು ಕ್ಯಾಲೆಂಡರ್ ಮೇಲೆ ದೊಡ್ಡದಾಗಿ ಬರೆದರು.

ಎರಡನೇ ಶನಿವಾರ ಆಫೀಸಿಗೆ ರಜೆ. ಶಾಖೆಗಳಲ್ಲಿ ಮಾತ್ರ ಒಬ್ಬೊಬ್ಬರನ್ನು ಕೂರಿಸಿ, ಅವತ್ತು ಬೆಳಗ್ಗೆಯಿಂದ ಸಾಗಣೆ. ಹೊಸ ಸರ್ವರನ್ನು ಹಳೆಯದರ ಮಗ್ಗುಲಲ್ಲಿ ಕೂರಿಸಿ, ಎರಡನ್ನೂ ಒಂದೇ ಜಾಲಕ್ಕೆ ಸೇರಿಸಿ, ಮೊದಲು ಹೆಸರುಗಳು, ಆಮೇಲೆ ಕಡತಗಳು, ಆಮೇಲೆ ಓಲೆಗಳ ಪುಸ್ತಕ, ಹೀಗೆ ಒಂದೊಂದಾಗಿ ದಾಟಿಸಿದರು. ಹಳೆಯದನ್ನು ಮಾತ್ರ ಆರಿಸಲಿಲ್ಲ. ಹೊಸದರ ಕಾಲು ಗಟ್ಟಿಯಾಗುವವರೆಗೆ ಅದೂ ಉಸಿರಾಡುತ್ತಿರಬೇಕು ಎಂದ ಚೇತನ್ ಕುಮಾರ್. ಮಧ್ಯಾಹ್ನ ಒಂದೂವರೆಗೆ ಪಾವಗಡದ ಸಂಪರ್ಕ ಪಟ್ಟನೆ ಹೋಯಿತು. ಚೇತನ್ ಕುಮಾರ್ ಮುಖ ಬಿಳಿಚಿಕೊಂಡಿತು. ಜಯರಾಮು ಮಾತ್ರ ಗಾಬರಿಯಾಗಲಿಲ್ಲ. "ಊಟಕ್ಕೋದ ಓಬಳಯ್ಯ. ಊಟಕ್ಕೋಗೋವಾಗ ಮೈನ್ ಸ್ವಿಚ್ಚೇ ಆರಿಸ್ಬುಟ್ಟು, ಬೀಗ ಹಾಕ್ಕಂಡ್ ಹೋಗ್ತಾನೆ, ಎರಡ್ ಗಂಟೆಗೆ ಬತ್ತದೆ" ಎಂದು ತನ್ನ ಬುತ್ತಿ ಬಿಚ್ಚಿದ. ಎರಡು ಗಂಟೆಗೆ ಸಂಪರ್ಕ ಬಂತು. ಚೇತನ್ ಕುಮಾರ್ ಅವನನ್ನು ನೋಡಿ, "ಇದನ್ನ ತುಮಕೂರಲ್ಲಿ ಕೂತು ಹೆಂಗಣ್ಣ ಕಂಡುಹಿಡಿಯೋದು?" ಎಂದ. ಸಂಜೆ ಐದಕ್ಕೆ ಎಲ್ಲ ಮುಗಿಯಿತು. ಒಂದು ಕುರಿಯೂ ತಪ್ಪಿಹೋಗಿರಲಿಲ್ಲ.

ಸೋಮವಾರ ಜಯರಾಮು ಸರ್ವರ್ ಕೋಣೆಯ ಬೀಗದ ಕೈ ಒಪ್ಪಿಸಲೆಂದೇ ಬಂದ. ಹೊಸದು ಕೂತಾಗಿತ್ತು, ಸರಿಯಾಗಿ ನಡೆಯುತ್ತಿತ್ತು, ಇನ್ನು ಉಳಿಯಲು ನೆಪವಿರಲಿಲ್ಲ. ಕೋಣೆಯಲ್ಲಿ ಮರುಳಸಿದ್ದಯ್ಯನವರು ಫೋನು ಹಿಡಿದುಕೊಂಡು ನಿಂತೇ ಮಾತಾಡುತ್ತಿದ್ದರು. ಆ ಕಡೆ ಒಕ್ಕೂಟದ ದೊಡ್ಡವರು. ಚೇತನ್ ಕುಮಾರ್ ಕಳಿಸಿದ ವರದಿಯಲ್ಲಿ ಒಂದು ಕೋಷ್ಟಕವಿತ್ತು, ಹಳೆಯ ದಾಖಲೆಗಳನ್ನು ಬರೆದವರ ಹೆಸರು ಮತ್ತು ನೌಕರರ ನಂಬರು. ಹೆಸರಿನ ಕೆಳಗೆ ಜಯರಾಮು ಎಂದಿತ್ತು. ನಂಬರಿನ ಕೆಳಗೆ ಏನೂ ಇರಲಿಲ್ಲ. ಪಟ್ಟಿಯಲ್ಲೇ ಇಲ್ಲದ ಮನುಷ್ಯ ಹದಿನೈದು ವರ್ಷ ಚೀಟಿ ಕೊಟ್ಟಿದ್ದಾನೆಂದರೆ ಆ ಚೀಟಿಗಳನ್ನು ಯಾರು ಒಪ್ಪಬೇಕು, ಗುರುವಾರದೊಳಗೆ ಉತ್ತರ ಕೊಡಿ, ಎಂದು ಹೇಳಿ ಅವರು ಫೋನಿಟ್ಟರು.

ಮರುಳಸಿದ್ದಯ್ಯ ಕುಸಿದು ಕೂತರು. ಆಮೇಲೆ ಅವರಿಗೆ ಒಂದು ಉಪಾಯ ಹೊಳೆಯಿತು. "ಜಯರಾಮು, ಹಳೇದ್ರಾಗೆ ನಿನ್ ಹೆಸ್ರು ತೆಗ್ದು ಬ್ಯಾರೇರ್ ಹೆಸ್ರು ಹಾಕಕ್ಕಾಗುತ್ತಾ?"

"ಹತ್ ನಿಮಿಷದ ಕೆಲ್ಸ ಸಾರ್."

"ಅಂಗಾರೆ ಇಪ್ಪತ್ಮೂರ್ ಜನಕ್ಕೂ ಹಂಚಿಬುಡು."

ಅಂದರೆ ಅವನ ಹೆಸರು ಕಡೆಯ ಜಾಗದಿಂದಲೂ ಅಳಿಸಿಹೋಗುತ್ತಿತ್ತು. ಜಯರಾಮು ಮೆಲ್ಲಗೆ ಹೇಳಿದ, "ಮಾಡ್ತೀನಿ ಸಾರ್. ಯಾವ್ದು ಯಾರ್ದು ಅಂತ ಅವ್ರೇ ಬರ್ದು ಸೈನ್ ಮಾಡ್ಕೊಟ್ಬುಡ್ಲಿ. ಸುಳ್ಳ್ ಹೆಸ್ರು ಹಾಕಕ್ಕೆ ಮಾತ್ರ ನನ್ ಕೈಲಾಗಕಿಲ್ಲ." ಇದನ್ನು ಅವನು ಮುಗ್ಧನಾಗಿ ಹೇಳಿದನೋ, ರಾಧಾಮಣಿಯ ಗಂಡನಾಗಿ ಹೇಳಿದನೋ, ಇವತ್ತಿಗೂ ಆಫೀಸಿನಲ್ಲಿ ಚರ್ಚೆಯಿದೆ.

ಮಂಗಳವಾರ ಎಲ್ಲರೂ ಸೇರಿದರು. ಮೂರು ಶಾಖೆಯವರು ಫೋನಿನ ಸ್ಪೀಕರಿನಲ್ಲಿದ್ದರು. ವರ್ಷವಾರು ಹಂಚುವುದೆಂದು ಮರುಳಸಿದ್ದಯ್ಯ ಶುರುಮಾಡಿದರು.

"ದಾಕ್ಷಾಯಣಮ್ಮನೋರೇ, ಎರಡ್ಸಾವಿರದ ಹದ್ನಾಲ್ಕು ನೀವ್ ತಗಳ್ಳಿ."

"ಅಯ್ಯಯ್ಯೋ, ಹದ್ನಾಲ್ಕು ಬ್ಯಾಡಿ ಸಾರ್! ಆ ವರ್ಷ ಲಸಿಕೆ ತಾರೀಕೆಲ್ಲ ಅಡ್ಡಾದಿಡ್ಡಿ ಆಗಿತ್ತು."

"ಯಾರ್ ಮಾಡಿದ್ದು ಅದು?"

ದಾಕ್ಷಾಯಣಮ್ಮ ಸೆರಗಿನಿಂದ ಕನ್ನಡಕ ಒರೆಸತೊಡಗಿದರು. ಟಗರು ಗಬ್ಬವಾದ ವರ್ಷ ಕೊರಟಗೆರೆಯವರಿಗೆ ಬೇಡವಾಗಿತ್ತು. ಶಿರಾದವರು ಎಲ್ಲ ವರ್ಷವೂ ಒಪ್ಪಿಗೆ, ಆದರೆ ಸೈನು ಮಾತ್ರ ಕೇಳಬೇಡಿ ಎಂದರು. ಓಬಳಯ್ಯನಿಗೆ ಹದಿನಾರನೇ ಇಸವಿ ಎಂದಾಗ ಫೋನಿನಿಂದ, "ಹಲೋ, ಹಲೋ, ವಿನಬಡಲೇದು ಸಾರ್" ಎಂದು ಬಂತು. ಕೇಳಿಸುವುದಿಲ್ಲವಂತೆ. ಅದಕ್ಕೆ ಮುಂಚಿನದೆಲ್ಲ ಚೆನ್ನಾಗಿ ಕೇಳಿಸಿತ್ತು. ಒಂದು ಗಂಟೆ ಹೀಗೇ ನಡೆಯಿತು. ಹದಿನೈದು ವರ್ಷದಲ್ಲಿ ಯಾರೂ ಒಂದು ತಿಂಗಳನ್ನೂ ತಮ್ಮದೆನ್ನಲಿಲ್ಲ. ಗೋಡೆಗೊರಗಿ ನಿಂತಿದ್ದ ಜಯರಾಮು ಎಲ್ಲವನ್ನೂ ನೋಡುತ್ತಿದ್ದ. ಇವರೆಲ್ಲರ ತಪ್ಪುಗಳನ್ನು ತಾನೊಬ್ಬನೇ ಇಷ್ಟು ದಿನ ಹೊತ್ತಿದ್ದೆನಲ್ಲ ಎಂದು ಅವನಿಗೆ ಮೊದಲ ಸಲ ತನ್ನ ಮೇಲೇ ಅಭಿಮಾನ ಉಕ್ಕಿತು.

ಕೊನೆಗೆ ಬಾಯಿಬಿಟ್ಟವರು ದಾಕ್ಷಾಯಣಮ್ಮನೇ. "ಸಾರ್, ಇಪ್ಪತ್ಮೂರ್ ಜನುದ್ ತಲೆಗೆ ಇದ್ನ ಕಟ್ಟೋದ್ಕಿಂತ ಅವನೊಬ್ಬುನ್ನ ಪಟ್ಟಿಗೆ ಸೇರ್ಸೋದು ಸಲೀಸಲ್ವಾ?"

ಕೋಣೆಯಲ್ಲಿ ಗಾಳಿಯಾಡಿತು. ಹೌದು ಹೌದು ಎಂದು ಎಲ್ಲರೂ ಒಟ್ಟಿಗೆ ಕೂಗಿದರು. ಪಾವಗಡದ ಫೋನಿಗೂ ತಟ್ಟನೆ ಕಿವಿ ಬಂತು. ಬುಧವಾರ ಕಮಿಟಿ ಸೇರಿತು, ಗುರುವಾರ ಒಕ್ಕೂಟಕ್ಕೆ ಪತ್ರ ಹೋಯಿತು. ಯಾವತ್ತಿನಿಂದ ನೌಕರ ಎಂದು ಬರೆಯಬೇಕಲ್ಲ, ಅದಕ್ಕೆ ಕಾಗದದ ದಾಖಲೆ ಒಂದೂ ಇರಲಿಲ್ಲ. ಚೇತನ್ ಕುಮಾರ್ ಹಳೆಯ ಸರ್ವರಿನ ತಳ ಕೆದಕಿ ಮೊದಲ ಲಾಗಿನ್ನಿನ ದಿನವನ್ನು ತೆಗೆದುಕೊಟ್ಟ. ಎರಡು ಸಾವಿರದ ಒಂಬತ್ತು, ಜುಲೈ ಹತ್ತು, ಹನ್ನೊಂದು ಗಂಟೆ ಹದಿನಾಲ್ಕು ನಿಮಿಷ. ಕಮಿಟಿಯವರು ನಿಮಿಷವನ್ನು ಬಿಟ್ಟು ಉಳಿದದ್ದನ್ನು ಹಾಗೇ ಬರೆದುಕೊಂಡರು. ಪಾವಗಡದ ಮೈನ್ ಸ್ವಿಚ್ಚಿನ ಗುಟ್ಟು ತುಮಕೂರಿನಿಂದ ಕಾಣುವುದಿಲ್ಲ, ಸ್ಥಳದಲ್ಲಿ ಒಬ್ಬ ಬೇಕೇ ಬೇಕು ಎಂದು ಚೇತನ್ ಕುಮಾರ್ ತನ್ನ ವರದಿಗೆ ಇನ್ನೊಂದು ಸಾಲು ಸೇರಿಸಿದ್ದೂ ಕೆಲಸಕ್ಕೆ ಬಂತು. ತಿಂಗಳು ತುಂಬುವುದರೊಳಗೆ ಆದೇಶ ಬಂತು. ಪಟ್ಟಿಯಲ್ಲಿ ಅವನ ನಂಬರು ಇಪ್ಪತ್ತನಾಲ್ಕು.

ಮಾರನೆಯ ದಿನ ಜಯರಾಮು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹತ್ತಕ್ಕೆ ಹತ್ತು ನಿಮಿಷವಿರುವಾಗಲೇ ಗೇಟಿನ ಹತ್ತಿರ ಬಂದಿದ್ದ. ಅಷ್ಟರಲ್ಲಿ ಓಬಳಯ್ಯನ ಫೋನು. "ಏಮಪ್ಪಾ ಜಯರಾಮಣ್ಣ, ನಾ ಪಾಸ್‌ವರ್ಡು ಎಕ್ಕಡ ಪೋಯಿಂದೋ ನೋಡು." ಪಾಸ್‌ವರ್ಡು ಎಲ್ಲೋ ಹೋಗಿಬಿಟ್ಟಿತ್ತಂತೆ. ಗೇಟಿಗೊರಗಿಕೊಂಡು ಅವನಿಗೆ ಒಂದೊಂದೇ ಅಕ್ಷರ ಹೇಳಿ ಹೊಸ ಪಾಸ್‌ವರ್ಡು ಮಾಡಿಸುವಷ್ಟರಲ್ಲಿ ಕಾಲು ಗಂಟೆ ಹಿಡಿಯಿತು. ಒಳಗೆ ಮರುಳಸಿದ್ದಯ್ಯನವರು ಹಾಜರಿ ಪುಸ್ತಕವನ್ನು ತೆರೆದಿಟ್ಟುಕೊಂಡು ಕೂತಿದ್ದರು. ಕೊನೆಯ ಸಾಲಿನಲ್ಲಿ ಅವನ ಹೆಸರನ್ನು ಅವರೇ ಬರೆದಿದ್ದರು. ಅದರ ಮುಂದಿನ ಖಾಲಿ ಚೌಕ ತೋರಿಸಿ, "ಹಾಕು ಸೈನು" ಎಂದರು.

ಜಯರಾಮು ಪೆನ್ನು ಹಿಡಿದು ನಿಂತ. ಈ ಆಫೀಸಿನಲ್ಲಿ ಅವನಿಂದ ಯಾರೂ ಇದುವರೆಗೆ ಒಂದು ಸೈನು ಕೇಳಿರಲಿಲ್ಲ.

"ಹದ್ನೈದ್ ವರ್ಷ ನಾವೆಲ್ಲ ದಿನಾ ಬರ್ದಿರೋ ಹೆಸ್ರು ಕಣೋ ಅದು, ನಿಂಗೆ ಬರೀಯಕ್ಕೆ ಬರಕಿಲ್ವಾ?" ಎಂದು ದಾಕ್ಷಾಯಣಮ್ಮ ಛೇಡಿಸಿದರು. ಅವರ ಕಣ್ಣೂ ಒದ್ದೆಯಾಗಿತ್ತು.

ಅವನು ಶಾಲೆಯ ಹುಡುಗರು ಬರೆಯುವ ಹಾಗೆ ದುಂಡಗೆ, ಬಿಡಿಬಿಡಿಯಾಗಿ ಬರೆದ. ಮರುಳಸಿದ್ದಯ್ಯ ಪುಸ್ತಕವನ್ನು ತಮ್ಮ ಕಡೆ ತಿರುಗಿಸಿಕೊಂಡು ಗೋಡೆಯ ಗಡಿಯಾರ ನೋಡಿದರು. ಹತ್ತು ಗಂಟೆ ಐದು ನಿಮಿಷ. ಕೆಂಪು ಪೆನ್ನು ತೆಗೆದು ಅವನ ಹೆಸರಿನ ಮುಂದೆ "ತಡ" ಎಂದು ಬರೆದರು.

"ಪಟ್ಟಿಲಿರೋರ್ಗೆ ಇದೆಲ್ಲ ಐತೆ ಕಣಯ್ಯಾ. ನಾಳೆಯಿಂದ ಟೈಮಿಗೆ ಬಾ" ಎಂದರು.

"ಆಗ್ಲಿ ಸಾರ್" ಎಂದ ಜಯರಾಮು. ಅವನ ಮುಖದಲ್ಲಿ ನಗು ಹಿಡಿಸುತ್ತಿರಲಿಲ್ಲ. ಜೇಬಿನಿಂದ ಮೊಬೈಲ್ ತೆಗೆದು, ಆ ಕೆಂಪು ಅಕ್ಷರ ಚೆನ್ನಾಗಿ ಕಾಣುವಂತೆ ಪುಸ್ತಕದ ಫೋಟೋ ಹೊಡೆದು ರಾಧಾಮಣಿಗೆ ಕಳಿಸಿದ.